ದೀಪದೊಳಗೆ ಹತ್ತು ಮೈಲಿ

ಶಾಂತಾರಾಮ ಹರಿಕಂತ್ರರ ಕಪಾಟಿನಲ್ಲಿ ಇಪ್ಪತ್ತೆರಡು ಪುಸ್ತಕಗಳಿದ್ದವು. ಉದ್ದ ಹಾಳೆಯ, ಕೆಂಪು ಬಟ್ಟೆಯ ಬೆನ್ನಿನ ಸಾಮಾನ್ಯ ರಿಜಿಸ್ಟರುಗಳು. ಕಾರವಾರದ ಬೈತಖೋಲ ಬಂದರಿನಿಂದ ಮೀನಿಗೆ ಹೋದ ಬೋಟುಗಳು ದಿನಕ್ಕೆ ಮೂರು ಸಲ ವೈರ್‌ಲೆಸ್ಸಿನಲ್ಲಿ ಕರೆದು ತಾವೆಲ್ಲಿದ್ದೇವೆಂದು ಹೇಳಿದ್ದನ್ನು ಅವರು ಅವುಗಳಲ್ಲಿ ಬರೆದಿಟ್ಟಿದ್ದರು. ತಾರೀಖು, ಗಂಟೆ, ಬೋಟಿನ ಹೆಸರು, ಜಾಗ. ಎಲ್ಲಿಯೂ ಗೀಟು ಹಾಕಿ ತಿದ್ದಿದ್ದಿಲ್ಲ.

2012ರ ಡಿಸೆಂಬರಿನಿಂದ 2023ರ ನವೆಂಬರಿನವರೆಗಿನ ಯಾವ ಪುಟ ತೆರೆದರೂ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಆ ಹನ್ನೊಂದು ವರ್ಷಗಳಲ್ಲಿ ಒಂದು ಬೋಟೂ ದಡದಿಂದ ಹನ್ನೆರಡು ಮೈಲಿಗಿಂತ ಆಚೆ ಹೋಗಿಲ್ಲ. ಮೀನೆಲ್ಲ ಆಳಕ್ಕೆ ಸರಿದ ವರ್ಷಗಳಲ್ಲೂ ಹೋಗಿಲ್ಲ. ಮೂವತ್ತು ಮೈಲಿಯ ಈಚೆ ಒಂದೇ ಒಂದು ಬೊಂಡಾಸ, ಅಂದರೆ ಸ್ಕ್ವಿಡ್, ಸಿಗದ ತಿಂಗಳಲ್ಲಿ ಕೂಡ, ಪುಸ್ತಕದ ಪ್ರಕಾರ, ಎಲ್ಲರೂ ದಡದ ಹತ್ತಿರವೇ ಬಲೆ ಎಳೆದರು. ಬುಟ್ಟಿ ತುಂಬ ಬೊಂಡಾಸ ತಂದರು.

ಇದು ನಿಜವಲ್ಲ ಎಂಬುದು ಬಂದರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಬರೆದವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಶಾಂತಾರಾಮರಿಗೆ ಈಗ ಅರವತ್ತೆಂಟು. ಊರು ಅಂಕೋಲೆ ತಾಲೂಕಿನ ಅವರ್ಸಾ. ಮೂವತ್ತು ವರ್ಷ ಸಮುದ್ರದಲ್ಲಿದ್ದರು. ಅದರಲ್ಲಿ ಹತ್ತೊಂಬತ್ತು ವರ್ಷ ತಾಂಡೇಲರಾಗಿ, ಅಂದರೆ ಬೋಟಿನ ಚುಕ್ಕಾಣಿ ಹಿಡಿದು ಉಳಿದವರ ಜೀವಕ್ಕೆ ಜವಾಬ್ದಾರರಾಗಿ. ಬಲೆ ಎಳೆಯುವ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಹೋದ ಮೇಲೆ ಬೋಟ್ ಮಾಲೀಕರೆಲ್ಲ ಸೇರಿ ಅವರನ್ನು ಬಂದರಿನ ವೈರ್‌ಲೆಸ್ ಕೋಣೆಯಲ್ಲಿ ಕೂರಿಸಿದರು. ಐಸ್ ಕಾರ್ಖಾನೆಯ ಮೇಲಿನ ಕೋಣೆ. ಒಂದು ಟೇಬಲ್ಲು, ಒಂದು ಸೆಟ್ಟು, ಒಂದು ಕುರ್ಚಿ, ಬಂದವರು ಕೂರಲು ಒಂದು ಬೆಂಚು. ನೆಲ ಕೆಳಗಿನ ಯಂತ್ರದ ಜೊತೆ ಸದಾ ಸಣ್ಣಗೆ ನಡುಗುತ್ತಿರುತ್ತದೆ. ಉಳಿದ ಮೂರು ಬೆರಳಿನಲ್ಲಿ ಬರೆಯುವುದನ್ನು ಅವರು ಅಲ್ಲಿಯೇ ಕಲಿತರು. ಅಕ್ಷರ ಮೊದಲಿಗಿಂತ ದುಂಡಗಾಯಿತು ಎನ್ನುತ್ತಾರೆ.

ಬೋಟಿನವರಿಗೆ ಅವರು ಮಾಮಾ. ವಯಸ್ಸಿನಲ್ಲಿ ದೊಡ್ಡವರಾದ ತಾಂಡೇಲರೂ ಸೆಟ್ಟಿನಲ್ಲಿ ಮಾಮಾ ಎಂದೇ ಕರೆಯುತ್ತಾರೆ.

ಕೆಲಸ ಸೇರಿದ ಎರಡನೇ ವರ್ಷದಲ್ಲಿ ಒಂದು ಬೋಟು ಮುಳುಗಿತು. ಐದು ಜನರೂ ಬದುಕಿ ಬಂದರು. ಬೋಟಿನ ವಿಮೆಗೆ ಮಾಲೀಕ ಅರ್ಜಿ ಹಾಕಿದ. ತನಿಖೆಗೆ ಬಂದ ಸರ್ವೇಯರ್ ಮೃದು ಮಾತಿನ ಮನುಷ್ಯ. ಬೆಂಚಿನ ಮೇಲೆ ಕೂತು ಚಹಾ ಕುಡಿದು, ಪುಸ್ತಕ ನೋಡಬಹುದೇ ಎಂದು ಕೇಳಿದರು. ಬೋಟು ಮುಳುಗಿದ ದಿನದ ಸಾಲಿನಲ್ಲಿ ಶಾಂತಾರಾಮರ ದುಂಡಗಿನ ಅಕ್ಷರದಲ್ಲಿ ಹದಿನಾರು ಮೈಲಿ ಎಂದಿತ್ತು.

ವಿಮೆ ಬೋಟಿಗೆ ಮಾತ್ರವಲ್ಲ, ಬೋಟು ಇರುವ ನೀರಿಗೂ ಸೇರಿದ್ದು ಎಂದು ಶಾಂತಾರಾಮರಿಗೆ ತಿಳಿದದ್ದು ಅಂದು. ಆ ಪಾಲಿಸಿಯಲ್ಲಿ ಬೋಟು ಓಡಾಡಬಹುದಾದ ಎಲ್ಲೆ ಬರೆದಿತ್ತು: ದಡದಿಂದ ಹನ್ನೆರಡು ನಾಟಿಕಲ್ ಮೈಲಿ. ನೀರಿನ ಮೇಲೆ ಕಾಣದ ಒಂದು ಗೆರೆ. ಅದರ ಈಚೆ ಮುಳುಗಿದ ಬೋಟು ನಷ್ಟವಾದ ಬೋಟು. ಆಚೆ ಮುಳುಗಿದರೆ?

“ಗೆರೆ ದಾಟಿದ ಕ್ಷಣದಿಂದ ಕಂಪನಿಯ ಪಾಲಿಗೆ ಆ ಬೋಟ್ ಇಲ್ಲ” ಎಂದಿದ್ದರು ಸರ್ವೇಯರ್. “ಮುಳುಗುವ ಮೊದಲೇ ಇಲ್ಲ.”

ದಾಟುವ ಮೊದಲು ಕಂಪನಿಗೆ ತಿಳಿಸಿ ಹೆಚ್ಚಿನ ಕಂತು ಕಟ್ಟಿದರೆ ಎಲ್ಲೆಯನ್ನು ಮುಂದೆ ಸರಿಸಿಕೊಡುತ್ತಾರೆ ಎಂಬ ಮಾತೂ ಪಾಲಿಸಿಯ ನಾಲ್ಕನೇ ಪುಟದಲ್ಲಿತ್ತು. ಯಾರೂ ಅದನ್ನು ಮಾಡಿರಲಿಲ್ಲ. ನಾಳೆ ಮೀನು ಎಲ್ಲಿ ಹೋಗುತ್ತದೆಂದು ಇವತ್ತು ಕಂಪನಿಗೆ ಹೇಳುವುದು ಹೇಗೆ?

ಆ ಮಾಲೀಕ ಬಂದರಿಗೆ ಬರುವುದನ್ನೇ ಬಿಟ್ಟ. ಒಂದು ದಿನ ಪೇಟೆಯಲ್ಲಿ ಎದುರು ಸಿಕ್ಕವನು ಸಿಟ್ಟೂ ಮಾಡಲಿಲ್ಲ. “ನಾಕ್ ಮೈಲ್ ಕಡ್ಮೆ ಬರ್ದಿದ್ರೆ ನಿಮ್ ಪೆನ್ನಿಗೆ ಎಂತಾ ಆಗ್ತಿತ್ತು ಮಾಮಾ?” ಎಂದಷ್ಟೇ ಕೇಳಿ ಹೋದ.

ಮರುವಾರ ಶಾಂತಾರಾಮರು ತಾಂಡೇಲರನ್ನೆಲ್ಲ ಕೋಣೆಗೆ ಕರೆಸಿದರು. ಇನ್ನು ಮುಂದೆ ಎಷ್ಟು ದೂರವಿದ್ದರೂ ಸೆಟ್ಟಿನಲ್ಲಿ ಗೆರೆಯ ಹೊರಗಿನ ಜಾಗ ಹೇಳಬಾರದು. ಬಂದರಿನ ಎದುರಿನ ದೇವಗಡ ದ್ವೀಪದ ದೀಪಸ್ತಂಭವನ್ನು ಗುರುತಾಗಿಟ್ಟುಕೊಂಡು ‘ದೀಪದೊಳಗೆ’ ಎನ್ನಬೇಕು; ಜೊತೆಗೆ ಹನ್ನೆರಡಕ್ಕಿಂತ ಕಡಿಮೆಯ ಒಂದು ಅಂಕಿ. ದೀಪದೊಳಗೆ ಎಂಟು. ದೀಪದೊಳಗೆ ಹತ್ತು. ಹೊಸದಾಗಿ ಚುಕ್ಕಾಣಿ ಹಿಡಿದವರಿಗೆ ಎಂಜಿನ್ ಹೇಳಿಕೊಡುವ ಮೊದಲು ಇದನ್ನು ಹೇಳಿಕೊಡುವುದು ರೂಢಿಯಾಯಿತು. ಮೂರ್ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಇದು ಸುಳ್ಳೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಫೋನೆತ್ತಿ ಹಲೋ ಎಂದಂತೆ, ಸೆಟ್ಟೆತ್ತಿ ದೀಪದೊಳಗೆ ಎಂದರು.

ಮಾತು ಉಪಯೋಗಕ್ಕೆ ಬಾರದಾದ ಮೇಲೆ ಶಾಂತಾರಾಮರು ದನಿ ಕೇಳತೊಡಗಿದರು. ಹದಿನೈದು ಮೈಲಿಯ ದನಿ ಪಕ್ಕದ ಕೋಣೆಯ ದನಿಯಂತೆ ಇಡಿಯಾಗಿರುತ್ತದೆ. ಇಪ್ಪತ್ತು ದಾಟಿದರೆ ಪದಗಳ ತುದಿ ಸವೆಯುತ್ತದೆ. ಇಪ್ಪತ್ತೈದಕ್ಕೆ ದನಿಯ ಒಳಗಿನ ತಿರುಳು ಹೋಗಿ ಸಿಪ್ಪೆ ಉಳಿಯುತ್ತದೆ. ತೆಂಕು ಪಡುವಣದ ಬೋಟಾದರೆ ಬೈತಖೋಲದ ಗುಡ್ಡ ಅಡ್ಡ ಬಂದು, ಬಾಗಿಲ ಸಂದಿಯಿಂದ ಮಾತಾಡಿದಂತೆ ಒಂದು ಪಕ್ಕ ಮಾತ್ರ ಕೇಳುತ್ತದೆ. ಹೀಗೆ ಅವರ ಕೈ ದೀಪದೊಳಗೆ ಒಂಬತ್ತು ಎಂದು ಬರೆಯುವಾಗ ಕಿವಿ ಇಪ್ಪತ್ತೇಳು ಎಂದು ಹೇಳುತ್ತಿತ್ತು. ಎರಡೂ ತಮ್ಮತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಮರಳಿ ಬಂದ ತಾಂಡೇಲನಿಗೆ, “ನಿನ್ನೆ ಮಧ್ಯಾಹ್ನ ಇಪ್ಪತ್ತೇಳರಲ್ಲಿ ಇದ್ಯಲ್ಲ” ಎಂದರೆ ಅವನು ಬೆಚ್ಚುತ್ತಿದ್ದ. ಮಾಮಾನ ಕಿವಿಗೆ ಯಂತ್ರ ಬೇಡ ಎಂಬ ಮಾತು ಬಂದರಿನಲ್ಲಿ ಹಬ್ಬಿತು.

ಅವರ ಹೆಂಡತಿ ದುರ್ಗಾ ಇದನ್ನು ಒಪ್ಪುವುದಿಲ್ಲ. “ಮೂವತ್ತ್ ಮೈಲಿದು ಕೇಳ್ತದಂತೆ. ಅಡುಗೆ ಮನೆಯಿಂದ ನಾಕ್ ಸಲ ಕರದ್ರೆ ಕೇಳೂದಿಲ್ಲ” ಎನ್ನುತ್ತಾರೆ.

2023ರ ನವೆಂಬರಿನ ಎರಡನೇ ಮಂಗಳವಾರ, ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ‘ಜಟಗ ಪ್ರಸಾದ’ ಬೋಟಿನಿಂದ ಕರೆ ಬಂತು. ಅದು ಕರೆಯುವ ಹೊತ್ತಲ್ಲ. ಬೋಟಿನ ತಾಂಡೇಲ ನಿತೇಶ ಶಾಂತಾರಾಮರ ತಂಗಿಯ ಮಗ, ಮೂವತ್ತನಾಲ್ಕು ವರ್ಷದವನು. ಬೋಟಿನ ಮಾಲೀಕ ಕಾರವಾರದ ಅಮಿತ.

“ಮಾಮಾ, ಹಿಂದಿನ ಹಲಗೆ ಬಿಟ್ಟದೆ. ನೀರ್ ಬರ್ತಾ ಅದೆ. ಪಂಪ್ ತಡೀತಾ ಇಲ್ಲ.”

“ಎಲ್ಲಿದ್ಯೋ?”

“ದೀಪದೊಳಗೆ ಹತ್ತು.”

“ನಿತೇಶಾ, ಸರಿ ಹೇಳು—”

ಸೆಟ್ಟು ಸುಯ್ಯೆಂದಿತು. ಮತ್ತೆ ಕರೆದರೆ ಉತ್ತರವಿಲ್ಲ.

ಆ ದನಿಯಲ್ಲಿ ತಿರುಳಿರಲಿಲ್ಲ. ಒಂದು ಪಕ್ಕ ಮಾತ್ರ ಕೇಳಿತ್ತು. ಶಾಂತಾರಾಮರ ಕಿವಿ ಮೂವತ್ತರ ಹತ್ತಿರ, ತೆಂಕು ಪಡುವಣ ಎಂದಿತು. ಅಷ್ಟರಲ್ಲಿ ಕೈ ಬರೆದು ಮುಗಿಸಿತ್ತು. ಅವರು ಫೋನೆತ್ತಿ ಕರಾವಳಿ ಕಾವಲಿನವರಿಗೆ ಓದಿ ಹೇಳಿದ್ದು ಕೈ ಬರೆದದ್ದನ್ನು.

ಯಾಕೆ ಎಂದು ಆಮೇಲೆ ಬಹಳ ಜನ ಕೇಳಿದರು. ಅವರ ಉತ್ತರ ಪ್ರತಿ ಸಲವೂ ಒಂದೇ. ಸಾಯುವ ಗಳಿಗೆಯಲ್ಲಿ ಯಾವನೂ ಸುಳ್ಳು ಜಾಗ ಹೇಳುವುದಿಲ್ಲ ಎಂದು ಅವರು ನಂಬಿದರು. ನಿತೇಶ ಹತ್ತು ಎಂದರೆ ಅವತ್ತು ಮಾತ್ರ ನಿಜವಾಗಿ ಹತ್ತೇ ಇರಬೇಕು; ಬ್ಯಾಟರಿಗೆ ನೀರು ಹೊಕ್ಕು ದನಿ ಸೋತಿರಬೇಕು. ತಪ್ಪಿದ್ದು ತನ್ನ ಕಿವಿ.

ನಾಲ್ಕು ಗಂಟೆಗೆ ಅಮಿತ ಮೆಟ್ಟಿಲು ಹತ್ತಿ ಬಂದ. ಮುಖದಲ್ಲಿ ರಕ್ತವಿರಲಿಲ್ಲ.

“ಬುಕ್ಕಲ್ಲಿ ಎಂತಾ ಬರದ್ರಿ ಮಾಮಾ?”

“ದೀಪದೊಳಗೆ ಹತ್ತು.”

ಅಮಿತ ಉಸಿರು ಬಿಟ್ಟ. “ಹತ್ರಾನೇ ಆಯ್ತು. ಕತ್ತಲಾಗೂ ಮೊದ್ಲು ಸಿಕ್ಕೇ ಸಿಗ್ತಾರೆ.”

ಅವನು ಎರಡು ಮಾತನ್ನೂ ಸೇರಿಸಿಯೇ ಹೇಳಿದ್ದ: ಜನ ಸಿಗುತ್ತಾರೆ, ಬೋಟೂ ಗೆರೆಯೊಳಗೆ ಇದೆ. ಅವನನ್ನು ದೂರುವಂತಿಲ್ಲ. ಬೋಟಿನಲ್ಲಿದ್ದ ಐದೂ ಜನರ ಮನೆಗೆ ತಾನೇ ಹೋಗಿ ಸುದ್ದಿ ಹೇಳಿ ಬಂದವನು ಅವನು.

ಹತ್ತು ಮೈಲಿಯ ಆ ಜಾಗಕ್ಕೆ ಕಾವಲು ಹಡಗು ಹೋಯಿತು. ಹನ್ನೆರಡು ಮೀನು ಬೋಟುಗಳು ಹೋದವು. ಸಮುದ್ರ ಎಣ್ಣೆ ಸವರಿದ ಕಲ್ಲಿನಂತೆ ಸಪಾಟಾಗಿತ್ತು. ಆದರೆ ಎಣ್ಣೆ ಇರಲಿಲ್ಲ. ಹುಡುಕಲು ಹೋದವರನ್ನು ಹೆದರಿಸಿದ್ದು ಅದೇ. ಮುಳುಗಿದ ಬೋಟು ಏನನ್ನಾದರೂ ಮೇಲೆ ಬಿಡುತ್ತದೆ. ಡೀಸೆಲಿನ ಬಣ್ಣದ ಪಟ್ಟಿ, ಬಲೆಯ ತೇಲುಗುಂಡು, ನೀರಿನ ಕ್ಯಾನು, ಚಪ್ಪಲಿ. ಇಲ್ಲಿ ಒಂದು ಕಡ್ಡಿಯೂ ಇಲ್ಲ. ಹುಡುಕುವವರಲ್ಲಿ ಒಬ್ಬನಾದ ಕಿಶನ ಎಂಬ ತಾಂಡೇಲ ಆ ಜಾಗವನ್ನು ಹೇಳುವುದು ಹೀಗೆ: “ಯಾರೂ ಮುಳುಗದ ನೀರದು. ನೋಡಿದ್ರೇ ಗೊತ್ತಾಗ್ತಿತ್ತು. ಆದ್ರೆ ಬುಕ್ಕಲ್ಲಿ ಅದೇ ಇತ್ತಲ್ಲ.”

ಕಿಶನನಿಗೂ ಗೊತ್ತಿತ್ತು, ನಿತೇಶ ಬೊಂಡಾಸಕ್ಕೆ ಹೋದವನು, ಬೊಂಡಾಸ ಹತ್ತು ಮೈಲಿಯಲ್ಲಿ ಇಲ್ಲ ಎಂದು. ಹನ್ನೆರಡೂ ಬೋಟಿನವರಿಗೆ ಗೊತ್ತಿತ್ತು. ಎಲ್ಲರೂ ಶಾಂತಾರಾಮರಂತೆಯೇ ಯೋಚಿಸಿದರು: ಅಂಥ ಹೊತ್ತಿನಲ್ಲಿ ಸುಳ್ಳು ಹೇಳುತ್ತಾನೆಯೇ?

ಬುಧವಾರ ಬೆಳಿಗ್ಗೆ ಹುಡುಕುವ ಬೋಟಿನವರು ಹೆಸರು ಹಿಡಿದು ಕರೆದರು. ನೀರಿನ ಮೇಲೆ ಕಾಣೆಯಾದವನನ್ನು ಎರಡು ಸಲ ಕರೆಯಬಹುದು. ಮೂರನೇ ಸಲ ಕರೆಯಬಾರದು, ಬೇರೆ ಯಾರಾದರೂ ಓ ಎಂದಾರು ಎಂಬ ನಂಬಿಕೆ ಈ ಕಡೆಯ ಹಳಬರದು. ನಿತೇಶನನ್ನು ಎರಡು ಸಲ ಕರೆದರು. ಆಮೇಲೆ ಇನ್ನೂ ಮೂವರನ್ನು ಎರಡೆರಡು ಸಲ. ಕೊನೆಗೆ ಐದನೆಯವನಾದ ಸಂದೇಶನನ್ನು. ಅವನು ಇಪ್ಪತ್ತಾರು ವರ್ಷದವನು, ಬಲೆ ಎಳೆಯುವ ಕೆಲಸಕ್ಕೆ ಆ ವರ್ಷವಷ್ಟೇ ಸೇರಿದ್ದ. ಕರೆದು ಮುಗಿದ ಮೇಲೆ ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟರು. ಏನೂ ಕೇಳಲಿಲ್ಲ.

ಶಾಂತಾರಾಮರು ಎರಡು ದಿನ ಮನೆಗೆ ಹೋಗಲಿಲ್ಲ. ಗುರುವಾರ ಬೆಳಿಗ್ಗೆ ದುರ್ಗಾ ಅವರ್ಸಾದಿಂದ ಬಸ್ಸಿನಲ್ಲಿ ಗಂಜಿ ತಂದರು. ಸೆಟ್ಟಿನಲ್ಲಿ ಹುಡುಕುವ ಬೋಟುಗಳು ತಮ್ಮೊಳಗೆ ಮಾತಾಡುತ್ತಿದ್ದವು. ಗಂಡ ಊಟ ಮಾಡದೆ ಆ ದನಿಗಳನ್ನು ಕೇಳುತ್ತ ಕೂತಿದ್ದನ್ನು ದುರ್ಗಾ ನೋಡಿದರು.

“ಎಂತಾ ಕೇಳ್ತಾ ಇದ್ದೀರಿ?”

“ಇವು ಹತ್ತ್ ಮೈಲಿ ದನಿ.”

“ಅದ್ಕೆ?”

“ಅಂವಂದು ಹೀಂಗ್ ಇರ್ಲಿಲ್ಲ.”

ದುರ್ಗಾ ಗಂಜಿಯ ಡಬ್ಬಿಯ ಮುಚ್ಚಳ ಹಾಕಿದರು. “ಹಂಗಾರೆ ಇಲ್ಲಿ ಕೂತ್ಕಂಡು ಎಂತಾ ಮಾಡ್ತಾ ಇದ್ದೀರಿ?” ಎಂದು ಕೇಳಿದರು.

ನಿಜ ಹೇಳಿದರೆ ಏನೇನು ಹೋಗುತ್ತದೆಂದು ಶಾಂತಾರಾಮರು ಎಣಿಸುತ್ತಿದ್ದರು. ಜಟಗ ಪ್ರಸಾದದ ವಿಮೆ ಹೋಗುತ್ತದೆ. ಪುಸ್ತಕ ಸುಳ್ಳೆಂದು ಒಂದು ಸಲ ಬಾಯಿಬಿಟ್ಟರೆ ಬಂದರಿನ ಪ್ರತಿ ಬೋಟಿನ ಕಾಗದವನ್ನೂ ಕಂಪನಿಯವರು ಬೆಳಕಿಗೆ ಹಿಡಿಯುತ್ತಾರೆ. ಹೇಳದಿದ್ದರೆ, ಕಿವಿ ಸರಿಯಾಗಿದ್ದರೆ, ಐದು ಜನ.

ಹನ್ನೊಂದು ನಲವತ್ತಕ್ಕೆ ಸೆಟ್ಟಿನಲ್ಲಿ ಹುಡುಕುವವರ ಮಾತು ನಿಂತಿತ್ತು. ಆ ಬಿಡುವಿನಲ್ಲಿ ಯಾರೋ “ಮಾಮಾ” ಎಂದರು. ಸ್ವಲ್ಪ ಬಿಟ್ಟು ಮತ್ತೊಮ್ಮೆ, “ಮಾಮಾ.”

ದುರ್ಗಾರಿಗೂ ಕೇಳಿಸಿತು. ಗಂಡಸಿನ ದನಿ, ಚಿಕ್ಕ ಪ್ರಾಯದ್ದು. ಅವಸರವಿರಲಿಲ್ಲ. ಪಕ್ಕದಲ್ಲಿ ನಿಂತು, ಕೆಲಸದಲ್ಲಿರುವ ಹಿರಿಯರು ತಲೆ ಎತ್ತಲಿ ಎಂದು ಕಾಯುವವನು ಕರೆದಂತೆ ಇತ್ತು.

ಶಾಂತಾರಾಮರು ಬಟನ್ ಒತ್ತಿ “ಯಾರದು? ಯಾವ ಬೋಟು?” ಎಂದರು. ಕಿಶನ ಉತ್ತರಿಸಿ, ತಾವ್ಯಾರೂ ಕರೆದಿಲ್ಲ, ತಮಗೇನೂ ಕೇಳಿಸಿಲ್ಲ ಎಂದ. ಕಾವಲು ಹಡಗಿನ ಸೆಟ್ಟಿನಲ್ಲೂ ಆ ಹೊತ್ತಿಗೆ ಏನೂ ದಾಖಲಾಗಿಲ್ಲ.

ಬಂದರಿನ ಪ್ರತಿ ತಾಂಡೇಲನ ದನಿಯನ್ನೂ ಅವರು ನಿದ್ದೆಯಲ್ಲಿ ಗುರುತಿಸಬಲ್ಲರು. ಸೆಟ್ಟು ಹಿಡಿಯುವುದು ತಾಂಡೇಲ ಮಾತ್ರ. ಬಲೆ ಎಳೆಯುವವರು ಅದನ್ನು ಮುಟ್ಟುವುದಿಲ್ಲ. ಇದು ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಆ ಸೆಟ್ಟಿನಲ್ಲಿ ಬಂದ ದನಿಯಲ್ಲ. ಅವರನ್ನು ಎಬ್ಬಿಸಿದ್ದು ಇನ್ನೊಂದು: ಆ ದನಿಗೆ ದೂರವೇ ಇರಲಿಲ್ಲ. ತುದಿ ಸವೆದಿರಲಿಲ್ಲ, ತಿರುಳು ಹೋಗಿರಲಿಲ್ಲ, ಗುಡ್ಡ ಅಡ್ಡ ಬಂದಿರಲಿಲ್ಲ. ಕೋಣೆಯೊಳಗಿನ ದನಿಯಾಗಿತ್ತು ಅದು.

ಅವರು ಪುಸ್ತಕದಲ್ಲಿ ಗಂಟೆ ಬರೆದರು. ಬೋಟಿನ ಹೆಸರಿನ ಜಾಗ ಖಾಲಿ ಬಿಟ್ಟರು. ಜಾಗದ ಜಾಗವನ್ನೂ ಖಾಲಿ ಬಿಟ್ಟರು. ಪುಸ್ತಕ ಮುಚ್ಚಿ, ಅದನ್ನೂ ಹಿಂದಿನ ಎರಡು ಪುಸ್ತಕಗಳನ್ನೂ ಕಂಕುಳಲ್ಲಿ ಹಿಡಿದು ಕೆಳಗಿಳಿದು, ಕಾವಲಿನವರ ಕಚೇರಿಗೆ ನಡೆದರು.

ಅಲ್ಲಿದ್ದ ಅಧಿಕಾರಿ ಹೊರ ರಾಜ್ಯದವರು; ನಿಧಾನ ಕನ್ನಡದಲ್ಲಿ ಮಾತಾಡಿದರು. “ಕಿವಿ ನಂಬಿ ಹಡಗು ತಿರುಗಿಸಲೇ?” ಎಂದರು. ಶಾಂತಾರಾಮರು ಪುಸ್ತಕ ಬಿಚ್ಚಿದರು. “ಕಿವಿ ಬೇಡ ಸಾಹೇಬ್ರೆ. ಇದ್ನ ನೋಡಿ. ಇದ್ರಲ್ಲಿ ಇದ್ದದ್ದೆಲ್ಲ ಸುಳ್ಳು. ಬರ್ದಂವ ನಾನು.” ನಂಬಿಕೆಗೆ ಆಧಾರವಾಗಿ ಅವರ ಹತ್ತಿರ ಇದ್ದದ್ದು ಪುಸ್ತಕದ ಹಾಳೆಗಳ ನಡುವೆ ಸಿಕ್ಕಿಸಿಟ್ಟ ಬೋಟುಗಳ ಡೀಸೆಲ್ ಚೀಟಿಗಳು. ಹತ್ತು ಮೈಲಿ ಹೋಗಿ ಬರುವ ಬೋಟು ಅಷ್ಟು ಡೀಸೆಲ್ ಕುಡಿಯಲು ಸಾಧ್ಯವಿಲ್ಲ. ಅಧಿಕಾರಿ ಮೂರು ಚೀಟಿ ನೋಡಿದರು; ನಾಲ್ಕನೆಯದನ್ನು ನೋಡಲಿಲ್ಲ. ನಕಾಶೆ ಹರವಿ, ಎಲ್ಲಿ ಎಂದು ಕೇಳಿದರು. ಶಾಂತಾರಾಮರು ಬೆರಳಿಟ್ಟರು.

ಅವರು ಬೆರಳಿಟ್ಟ ಜಾಗದಿಂದ, ಎರಡು ದಿನದ ಸೆಳೆತ ಲೆಕ್ಕ ಹಾಕಿ ಬಡಗಿನ ಕಡೆ ಹುಡುಕುತ್ತ ಹೋದ ವಿಮಾನಕ್ಕೆ ಅದೇ ಸಂಜೆ ಐದರ ಹೊತ್ತಿಗೆ ತೇಲುಗುಂಡುಗಳ ಒಂದು ಗೊಂಚಲು ಕಂಡಿತು. ಅದಕ್ಕೆ ಬಲೆಯ ಹಗ್ಗದಿಂದ ತಮ್ಮನ್ನು ಕಟ್ಟಿಕೊಂಡ ನಾಲ್ಕು ಜನ ಇದ್ದರು. ನಾಲ್ವರೂ ಜೀವಂತ. ಐದನೆಯ ಹಗ್ಗದ ತುದಿ ಖಾಲಿ ಇತ್ತು.

ನಿತೇಶನ ಬಾಯಿ ಹುಣ್ಣಾಗಿತ್ತು. ಮಾತಾಡಲು ಮೂರು ದಿನ ಬೇಕಾಯಿತು. ಆಸ್ಪತ್ರೆಯಲ್ಲಿ ಶಾಂತಾರಾಮರು ಕೇಳಿದ್ದು ಒಂದೇ ಪ್ರಶ್ನೆ.

“ಹತ್ತು ಅಂತ ಯಾಕ್ ಹೇಳ್ದೆ?”

“ಬಾಯಿಗೆ ಅದೇ ಬಂತು ಮಾಮಾ.” ಅವನೇ ಮುಂದುವರಿಸಿದ: “ಹೇಳಿ ಆದ್ಮೇಲೆ ತಪ್ಪಾಯ್ತು ಅಂತ ಗೊತ್ತಾಯ್ತು. ಅಷ್ಟ್ರಲ್ಲಿ ಸೆಟ್ ಹೋತು. ಆದ್ರೂ ನಿಮ್ಗೆ ಹೆಂಗೂ ದನಿ ಮೇಲೆ ಗೊತ್ತಾಗ್ತದಲ್ಲ ಅಂತ ಧೈರ್ಯ ಇತ್ತು. ನಾವೆಲ್ಲ ಅದೇ ಮಾತಾಡ್ಕಂಡ್ವಿ. ಇವತ್ತು ಸಂಜೆ ಒಳಗೆ ಬರ್ತಾರೆ, ಮಾಮಾಗೆ ಗೊತ್ತದೆ ಅಂತ.”

ಸಂದೇಶನ ಬಗ್ಗೆ ಅವನು ಹೇಳಿದ್ದು ಇಷ್ಟು. ಬುಧವಾರ ಬೆಳಿಗ್ಗೆ ಸಂದೇಶ, ಯಾರೋ ತನ್ನನ್ನು ಕರೆಯುತ್ತಿದ್ದಾರೆ ಎಂದ. ಮೊದಲು ಉಳಿದವರ ಹೆಸರೆಲ್ಲ ಹೇಳಿದರು, ಕೊನೆಗೆ ನನ್ನದು, ಎರಡೆರಡು ಸಲ ಎಂದ. ಉಳಿದವರಿಗೆ ಕೇಳಿಸಲಿಲ್ಲ. ಕಿವಿಗೆ ಉಪ್ಪುನೀರು ಹೊಕ್ಕಿದೆ ಎಂದು ನಗಾಡಿದರು. ಗುರುವಾರ ಸೂರ್ಯ ನೆತ್ತಿಗೆ ಬರುವ ಸ್ವಲ್ಪ ಮೊದಲು ಅವನು, ನಾನು ಹೋಗಿ ಮಾಮಾಗೆ ಹೇಳಿ ಬರ್ತೇನೆ ಎಂದು ಹಗ್ಗ ಬಿಚ್ಚಿದ. ಹಿಡಿಯಲು ಯಾರ ಕೈಯಲ್ಲೂ ಶಕ್ತಿ ಇರಲಿಲ್ಲ. ಗಡಿಯಾರ ಯಾರ ಹತ್ತಿರವೂ ಇರಲಿಲ್ಲ.

ಹನ್ನೊಂದು ನಲವತ್ತರ ಸಾಲಿನ ಬಗ್ಗೆ ಶಾಂತಾರಾಮರು ನಿತೇಶನಿಗೆ ಇಂದಿಗೂ ಹೇಳಿಲ್ಲ. ದುರ್ಗಾ ಆ ದಿನದ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾರೆ.

ಡಿಸೆಂಬರಿನಲ್ಲಿ ಸರ್ವೇಯರ್ ಬಂದರು, ಮೊದಲಿನವರಲ್ಲ, ಹೊಸಬರು. ಇಪ್ಪತ್ತೆರಡೂ ಪುಸ್ತಕಗಳ ಫೋಟೋ ತೆಗೆದುಕೊಂಡರು. ಬೋಟು ಎಲ್ಲಿ ಮುಳುಗಿತೆಂಬ ಹೇಳಿಕೆಗೆ ಶಾಂತಾರಾಮರು ಸಹಿ ಹಾಕಿದರು: ಇಪ್ಪತ್ತೊಂಬತ್ತು ಮೈಲಿ. ಅಮಿತನ ಅರ್ಜಿ ವಾಪಸು ಬಂತು. ಅವನು ಕೋಣೆಗೆ ಬಂದು ಬಾಗಿಲಲ್ಲೇ ನಿಂತ.

“ಸರಿ ಬರಿಯೂದೇ ಆದ್ರೆ ಮಂಗಳವಾರಾನೇ ಬರೀಬೇಕಿತ್ತು ಮಾಮಾ. ಬೋಟ್ ಹೋಗ್ಲಿ. ಅಂವ ಬದ್ಕ್ತಿದ್ದ.”

“ಹೌದು” ಎಂದರು ಶಾಂತಾರಾಮ.

ಬೋಟುಗಳು ಮತ್ತೆ ಸಮುದ್ರಕ್ಕೆ ಹೋದವು. ನಿತೇಶನೂ ಇನ್ನೊಬ್ಬ ಮಾಲೀಕನ ಬೋಟಿನಲ್ಲಿ ಹೋದ. ಆದರೆ ದೀಪದೊಳಗೆ ಎನ್ನುವ ಬಾಯಿ ಯಾರಿಗೂ ಇರಲಿಲ್ಲ. ಹೊರಗಿನ ಜಾಗ ಹೇಳುವ ಧೈರ್ಯವೂ ಇರಲಿಲ್ಲ. ದಿನಕ್ಕೆ ಮೂರು ಸಲ ಕರೆದು, “ಎಲ್ಲಾ ಸರಿ ಅದೆ ಮಾಮಾ” ಎಂದಷ್ಟೇ ಹೇಳಿ ಇಡುತ್ತಿದ್ದರು. ಎಲ್ಲಿ ಎಂದು ಕೇಳಿದರೆ ಸುಮ್ಮನಾಗುತ್ತಿದ್ದರು. ಶಾಂತಾರಾಮರು ಕಿವಿಗೆ ಬಂದದ್ದನ್ನು ಬರೆಯಬಹುದಿತ್ತು. ಬರೆಯಲಿಲ್ಲ. ಒಂದು ಸಲ ನಂಬದ ಕಿವಿಯನ್ನು ಈಗ ನಂಬುವ ಹಕ್ಕು ತನಗಿಲ್ಲ ಎಂದು ದುರ್ಗಾರ ಹತ್ತಿರ ಹೇಳಿದ್ದರಂತೆ. ಜಾಗದ ಅಂಕಣ ಪುಟಗಟ್ಟಲೆ ಖಾಲಿ ಉಳಿಯಿತು. ಮುಂದಿನ ಬೋಟು ಮುಳುಗಿದರೆ ಹುಡುಕಲು ಸುಳ್ಳು ಜಾಗವೂ ಇರುವುದಿಲ್ಲ ಎಂಬ ಸ್ಥಿತಿ.

ಸಂದೇಶನ ತಾಯಿ ಕಾಮಿ ಕಾರವಾರದ ಮಾರುಕಟ್ಟೆಯಲ್ಲಿ ಮೀನು ಮಾರುತ್ತಾರೆ. ಹದಿಮೂರನೇ ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಬುಟ್ಟಿಯನ್ನು ಮೆಟ್ಟಿಲ ಬುಡದಲ್ಲಿಟ್ಟು ಮೇಲೆ ಬಂದು ಬೆಂಚಿನ ಮೇಲೆ ಕೂತರು. ಹನ್ನೆರಡರ ಸುತ್ತಿನ ಕರೆಗಳು ಮುಗಿಯುವವರೆಗೆ ಕೂತಿದ್ದು ಎದ್ದು ಹೋದರು. ಮರುದಿನವೂ ಬಂದರು. ಜನವರಿ ಬರುವ ಹೊತ್ತಿಗೆ ಆ ಬೆಂಚು ಹನ್ನೆರಡು ಗಂಟೆಗೆ ಅವರದ್ದೇ ಎಂದಾಗಿತ್ತು. ಅವರು ಸೆಟ್ಟನ್ನು ನೋಡುತ್ತಿರಲಿಲ್ಲ. ನಡುಗುವ ನೆಲದ ಮೇಲೆ ಪಾದ ಊರಿ, ಕೇಳುತ್ತಿದ್ದರು. ಹನ್ನೊಂದು ನಲವತ್ತರ ದನಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.

ಜನವರಿಯ ಒಂದು ಗುರುವಾರ ಒಂಬತ್ತು ಬೋಟುಗಳು ಹೊರಗಿದ್ದವು. ಬೆಳಗಿನಿಂದ ಬಡಗಣ ಗಾಳಿ ಏರುತ್ತಿತ್ತು. ಒಂದೊಂದೇ ಬೋಟು ಕರೆದು, ಎಲ್ಲಾ ಸರಿ ಅದೆ ಎಂದು ಇಟ್ಟಿತು. ಒಂಬತ್ತೂ ಮುಗಿದಾಗ ಕಾಮಿ ಮೊದಲ ಸಲ ಬಾಯಿ ತೆರೆದರು.

“ಎಲ್ಲಿದ್ದಾರೆ ಅಂತ ಯಾಕ್ ಹೇಳೂದಿಲ್ಲ ಅವ್ರು?”

“ಹೆದ್ರಿಕೆ.”

“ಯಾರ್ದು?”

ಶಾಂತಾರಾಮರು ಸೆಟ್ಟಿನ ಮೈಕನ್ನು ಟೇಬಲ್ಲಿನ ಮೇಲಿಟ್ಟರು.

“ಇಲ್ಲಿ ಕೊಡಿ ಅದ್ನ.”

ಮಾಮಾ ಕೊಟ್ಟರು. ಮೀನಿನ ಸಿಪ್ಪೆ ಒಣಗಿ ಅಂಟಿದ್ದ ಬೆರಳು ಬಟನ್ ಹುಡುಕಿತು. ಒತ್ತಿದಾಗ ನಾವು ಹೇಳುವುದು, ಬಿಟ್ಟಾಗ ಅವರದು ಕೇಳುವುದು ಎಂದು ಅವರು ಹೇಳಿಕೊಟ್ಟರು.

“ನಾನು ಸಂದೇಶನ ಆಯಿ” ಎಂದರು ಕಾಮಿ. “ಎಲ್ಲಿದ್ದೀರಿ ಅಂತ ಸರಿಯಾಗಿ ಹೇಳಿ.”

ಆ ಸೆಟ್ಟಿನಲ್ಲಿ ಅಲ್ಲಿಯವರೆಗೆ ಹೆಂಗಸಿನ ದನಿ ಬಂದಿರಲಿಲ್ಲ. ಅಂದು ಚುಕ್ಕಾಣಿ ಹಿಡಿದಿದ್ದ ಕಿಶನ, ಅದು ಕೈತಪ್ಪಿತ್ತು ಎನ್ನುತ್ತಾನೆ. “ನೀರಿಂದ ಬಂತೋ ದಡದಿಂದ ಬಂತೋ ಅಂತ ಗೊತ್ತಾಗ್ಲಿಲ್ಲ. ಪಕ್ದಲ್ಲೇ ಕೂತು ಕೇಳ್ದಂಗಿತ್ತು.”

ಅರ್ಧ ನಿಮಿಷ ಬರೀ ಸುಯ್ಯೆಂಬ ಸದ್ದು. ಆಮೇಲೆ ನಿತೇಶನ ದನಿ ಬಂತು. “ನಿತೇಶ. ಇಪ್ಪತ್ತಾರ್ ಮೈಲಿ. ತೆಂಕು ಪಡುವಣ.” ಅದರ ಹಿಂದೆಯೇ ಕಿಶನ, ಮೂವತ್ತೊಂದು. ಮತ್ತೊಬ್ಬ ಹನ್ನೊಂದು ಎಂದ. ಅವನದು ನಿಜವಾಗಿ ಹನ್ನೊಂದೇ. ಒಬ್ಬರ ನಂತರ ಒಬ್ಬರು, ದೇವಸ್ಥಾನದ ಎದುರು ಪ್ರಮಾಣ ಮಾಡುವವರಂತೆ, ಹೆಸರು ಮೊದಲು ಹೇಳಿ ಅಂಕಿ ಆಮೇಲೆ ಹೇಳಿದರು. ಶಾಂತಾರಾಮರು ಬರೆದರು. ಪ್ರತಿ ಅಂಕಿಯೂ ಕಿವಿಗೆ ಸರಿಹೊಂದಿತು. ಒಂಬತ್ತರಲ್ಲಿ ಎಂಟು ಗೆರೆಯ ಆಚೆ ಇದ್ದವು. ಗಾಳಿ ಏರುತ್ತಿದೆ, ಎಲ್ಲರೂ ಒಳಗೆ ಬನ್ನಿ ಎಂದು ಹೇಳಲು ಅವರು ಮೈಕಿಗೆ ಕೈ ಚಾಚಿದರು.

ಕಾಮಿ ಕೊಡಲಿಲ್ಲ. ಮತ್ತೆ ಬಟನ್ ಒತ್ತಿದರು.

“ಇನ್ನ್ ಯಾರಾದ್ರೂ ಇದ್ದೀರಾ?” ಎಂದು ಕೇಳಿದರು. ಕೇಳಿ, ಹೇಳಿಕೊಟ್ಟಂತೆ, ಬಟನ್ ಬಿಟ್ಟರು.